ಮುಂಬೈ–ಮಂಗಳೂರು ಏರ್ ಆಂಬುಲೆನ್ಸ್: ಗಂಟು ಬಿದ್ದದ್ದು ಎಲ್ಲಿ?

ಕರಾವಳಿಯಿಂದ ಬಂದು ಮುಂಬೈಯಲ್ಲಿ ನೆಲೆಸಿದ ಕುಟುಂಬಗಳಿಗೆ ಏರ್ ಆಂಬುಲೆನ್ಸ್ ಬೇಕಾಗುವುದು ಊರಿನಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ಇಲ್ಲಿಗೆ ಕರೆತರಲು, ಇಲ್ಲವೇ ಇಲ್ಲಿನ ಐಸಿಯುನಲ್ಲಿರುವವರನ್ನು ಊರಿಗೆ ಒಯ್ಯಲು. ಆ ಹೊತ್ತಿಗೆ ಹತ್ತು ಕಡೆ ಫೋನ್ ಮಾಡಿದರೆ ಹತ್ತು ದರ ಕೇಳಿಬರುತ್ತದೆ. ಈ ಗೊಂದಲ ನಿನ್ನೆ ಮೊನ್ನೆಯದಲ್ಲ.

ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲಿ 1951ರಲ್ಲೇ ವಿಮಾನ ಇಳಿಯಿತು. ಆದರೂ ರೋಗಿಗಳ ಪಾಲಿಗೆ ದಶಕಗಳ ಕಾಲ ಇದ್ದದ್ದು ಘಟ್ಟದ ರಸ್ತೆ, 1998ರಿಂದ ಕೊಂಕಣ ರೈಲು. ಅನುಕೂಲಸ್ಥರು ಪ್ರಯಾಣಿಕ ವಿಮಾನದಲ್ಲಿ ಸೀಟುಗಳ ಜಾಗಕ್ಕೆ ಸ್ಟ್ರೆಚರ್ ಹಾಕಿಸುತ್ತಿದ್ದರು. ಅದಕ್ಕೆ ರೋಗಿಯ ಸ್ಥಿತಿಯನ್ನು ವಿಮಾನ ಕಂಪನಿಗೆ ತಿಳಿಸುವ, ವೈದ್ಯರು ತುಂಬಿದ ಮೆಡಿಫ್ ಫಾರಂ ಬೇಕು, ವಿಮಾನ ಕಂಪನಿಯ ಒಪ್ಪಿಗೆಯೂ ಬೇಕು. ತುರ್ತಿಗೆ ಅದು ಒದಗುವುದಿಲ್ಲ. ಆ ತೆರವನ್ನು ತುಂಬಿದ್ದು ಸ್ಟ್ರೆಚರ್ ಕೂರಿಸಿದ ಸಣ್ಣ ಚಾರ್ಟರ್ ವಿಮಾನಗಳು. 2011ರ ಮೇ ತಿಂಗಳಲ್ಲಿ ಪಟ್ನಾದಿಂದ ರೋಗಿಯನ್ನು ಹೊತ್ತು ದಿಲ್ಲಿಗೆ ಹೊರಟ ವಿಮಾನ ಫರೀದಾಬಾದ್‌ನಲ್ಲಿ ಬಿದ್ದು ಹತ್ತು ಜನ ಸತ್ತಾಗ ಸುರಕ್ಷತೆಯ ಪ್ರಶ್ನೆ ಎದ್ದಿತು. ಕೋವಿಡ್ ಬಂದಾಗ ಬೇಡಿಕೆ ಏರಿತು. ಸ್ವಂತ ವಿಮಾನವಿಲ್ಲದ ಮಧ್ಯವರ್ತಿಗಳೂ ಹೆಚ್ಚಿದರು. 2024ರಲ್ಲಿ ಋಷಿಕೇಶದ ಏಮ್ಸ್‌ನಲ್ಲಿ ಉಚಿತ ಹೆಲಿಕಾಪ್ಟರ್ ಸೇವೆ ಶುರುವಾಯಿತು. ಊರಿಂದೂರಿಗೆ ಐಸಿಯು ರೋಗಿಯನ್ನು ಸಾಗಿಸುವ ಹೊಣೆ ಮಾತ್ರ ಈಗಲೂ ಮನೆಯವರ ತಲೆಯ ಮೇಲೆಯೇ ಇದೆ. ಇದು ಹೀಗೇ ಇರಬೇಕಾಗಿಲ್ಲ.

ಹೆಚ್ಚಿನವರು ಮೊದಲು ವಿಮಾನ ಹುಡುಕುತ್ತಾರೆ. ಮೊದಲು ಬೇಕಾದದ್ದು ಸೇರಿಸಿಕೊಳ್ಳುವ ಆಸ್ಪತ್ರೆಯಿಂದ ಬೆಡ್ ಖಾತರಿಯ ಪತ್ರ, ಅಲ್ಲಿನ ವೈದ್ಯರ ಹೆಸರು. ಆಮೇಲೆ ರೋಗಿ ಈಗಿರುವ ಆಸ್ಪತ್ರೆಯ ಕೇಸ್ ಸಮ್ಮರಿ, ಹಾರಾಟಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ, ರೋಗಿಯ ಮತ್ತು ಜೊತೆಗೆ ಹೋಗುವವರ ಗುರುತಿನ ಚೀಟಿ.

ವಿಮಾನದ ವೈದ್ಯರು ಸಮ್ಮರಿಯಲ್ಲಿ ಹುಡುಕುವುದು ಗಾಳಿ ಎಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು. ಕ್ಯಾಬಿನ್ ಒತ್ತಡ 8,000 ಅಡಿ ಎತ್ತರದ ಮಟ್ಟಕ್ಕಿಳಿದರೆ ದೇಹದೊಳಗಿನ ಗಾಳಿ ಸುಮಾರು ಮೂರನೇ ಒಂದು ಪಾಲು ಹಿಗ್ಗುತ್ತದೆ. ಶ್ವಾಸಕೋಶದ ಹೊರಗೆ ಎದೆಗೂಡಿನಲ್ಲಿ ಗಾಳಿ ತುಂಬಿದ್ದರೆ ಹೊರಡುವ ಮೊದಲೇ ಅದನ್ನು ಹೊರಬಿಡುವ ಚೆಸ್ಟ್ ಟ್ಯೂಬ್ ಹಾಕಿರಬೇಕು. ಶ್ವಾಸನಾಳದ ಟ್ಯೂಬಿನ ಸುತ್ತ ಗಾಳಿ ತುಂಬಿಸಿದ ಪಟ್ಟಿ, ಅಂದರೆ ಕಫ್ ಕೂಡ ಉಬ್ಬುತ್ತದೆ, ಅದರ ಒತ್ತಡವನ್ನು ದಾರಿಯುದ್ದಕ್ಕೂ ನೋಡುತ್ತಿರಬೇಕು. ಅದೇ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕದ ಒತ್ತಡ ಕಾಲುಭಾಗ ಇಳಿಯುತ್ತದೆ. ಕೆಳಮಟ್ಟದಲ್ಲಿ ಹಾರಿಸಿ ಎಂದು ಕೇಳಬಹುದು. ಇಂಧನ ಹೆಚ್ಚು ಸುಡುತ್ತದೆ, ಬಿಲ್ಲೂ ಏರುತ್ತದೆ.

ಆಮ್ಲಜನಕದ ಲೆಕ್ಕ ತಪ್ಪುವುದು ನೆಲದ ಮೇಲೆ. ಹಾರಾಟ ಒಂದೂವರೆಯಿಂದ ಎರಡು ಗಂಟೆ. ಬೆಡ್‌ನಿಂದ ಬೆಡ್‌ಗೆ ಐದಾರು ಗಂಟೆಯೇ ಹಿಡಿದೀತು. ಬಿ ಟೈಪ್ ಸಿಲಿಂಡರಿನಲ್ಲಿರುವುದು ಸುಮಾರು 1,500 ಲೀಟರ್. ನಿಮಿಷಕ್ಕೆ 10 ಲೀಟರ್ ಹರಿದರೆ ಎರಡೂವರೆ ಗಂಟೆಯಲ್ಲಿ ಖಾಲಿ. ಬಜ್ಪೆಯಿಂದ ಮಣಿಪಾಲಕ್ಕೆ 60 ಕಿ.ಮೀ. ರಸ್ತೆಯಿದೆ ಎನ್ನುವುದು ಮುಂಬೈಯಲ್ಲಿ ಕೂತು ಲೆಕ್ಕ ಹಾಕುವವರಿಗೆ ಹೊಳೆಯುವುದಿಲ್ಲ. ಅಂದಾಜಿನ ಎರಡರಷ್ಟು ಇಟ್ಟುಕೊಳ್ಳುವುದೇ ಸರಿ.

ಮುಂಬೈಯಲ್ಲಿ ಒಂದನ್ನೊಂದು ಅಡ್ಡ ಹಾಯುವ ಎರಡು ರನ್‌ವೇಗಳಿದ್ದರೂ ಒಮ್ಮೆಗೆ ಬಳಕೆಯಾಗುವುದು ಒಂದೇ. ದಟ್ಟಣೆಯ ಹೊತ್ತಿನಲ್ಲಿ ಚಾರ್ಟರ್‌ಗಳಿಗೆ ನಿರ್ಬಂಧವಿರುವುದರಿಂದ ಫ್ಲೈಟ್ ಪ್ಲಾನ್‌ನಲ್ಲಿ ಮೆಡೆವ್ಯಾಕ್ (ರೋಗಿಯನ್ನು ಸಾಗಿಸುವ ಹಾರಾಟ) ಎಂದು ನಮೂದಾಗಿದೆಯೇ ಎಂದು ಕೇಳಿ ತಿಳಿಯಬೇಕು. ಆ ತುದಿಯಲ್ಲಿ ಬಜ್ಪೆಯದು ಗುಡ್ಡದ ತುದಿಯ ಟೇಬಲ್‌ಟಾಪ್ ರನ್‌ವೇ. ಆಟಿ ತಿಂಗಳ ಮಳೆಗೆ ಗೋಚರತೆ ಕುಗ್ಗಿದರೆ ವಿಮಾನ ಬೇರೆಡೆಗೆ ತಿರುಗೀತು. ಅಲ್ಲಿ ಐಸಿಯು ಆಂಬುಲೆನ್ಸ್ ಯಾರು ತರುತ್ತಾರೆ ಎಂಬುದು ಹೊರಡುವ ಮೊದಲೇ ಗೊತ್ತಾಗಿರಬೇಕು.

ದರದಲ್ಲಿ ಅಂತರ ಬರಲು ಮುಖ್ಯ ಕಾರಣ ಖಾಲಿ ಹಾರಾಟ. ವಿಮಾನ ದಿಲ್ಲಿಯಲ್ಲಿ ನಿಂತಿದ್ದರೆ ಅಲ್ಲಿಂದ ಬರುವ, ಮರಳುವ ಗಂಟೆಗಳೂ ಬಿಲ್ಲಿಗೆ ಸೇರುತ್ತವೆ. ವಿಮೆಯಲ್ಲಿ ಸಾಮಾನ್ಯವಾಗಿ ಮಿತಿಯಿರುತ್ತದೆ, ಮೊದಲೇ ಅನುಮತಿ ಪಡೆಯಿರಿ ಎಂದೂ ವಿಮಾ ಕಂಪನಿ ಹೇಳಬಹುದು. ಮುಂಗಡ ಕೊಡುವ ಮೊದಲು ವಿಟಿ ಎಂದು ಶುರುವಾಗುವ ವಿಮಾನದ ನೋಂದಣಿ ಸಂಖ್ಯೆ, ಅದು ಈಗ ನಿಂತಿರುವ ಊರು, ಎರಡೂ ಕಡೆಯ ರಸ್ತೆ ಆಂಬುಲೆನ್ಸ್ ದರದಲ್ಲಿ ಸೇರಿದೆಯೇ ಎಂಬುದು, ಹೊರಡುವ ಮೊದಲೇ ರೋಗಿಯ ಸ್ಥಿತಿ ಕೆಟ್ಟರೆ ಎಷ್ಟು ಹಣ ವಾಪಸ್ ಬರುತ್ತದೆ ಎಂಬುದು, ಇಷ್ಟನ್ನೂ ಬರಹದಲ್ಲಿ ಪಡೆಯಬೇಕು.