ನೀರೋ, ಗಂಟೋ?

ಕಲಬುರಗಿ, ಬೀದರ್, ಯಾದಗಿರಿ ಮೂರೂ ಆನೆಕಾಲು ರೋಗ ಕಂಡ ಜಿಲ್ಲೆಗಳು. ಆ ರೋಗ ಕಾಲಿಗಷ್ಟೇ ನಿಲ್ಲುವುದಿಲ್ಲ. ಗಂಡಸರ ಬೀಜದ ಚೀಲದಲ್ಲೂ ನೀರು ತುಂಬಿಸುತ್ತದೆ. ಹಾಗಾಗಿ ಅಲ್ಲಿ ಬಾವು ಕಂಡರೆ ‘ನೀರ್ ತುಂಬ್ಯಾದ, ಬಿಡು’ ಅನ್ನುವುದು ನಮ್ಮ ಕಡೆ ರೂಢಿ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಇಪ್ಪತ್ತೈದರ ಹುಡುಗನ ಕೈಗೆ ನೋವೇ ಇಲ್ಲದ ಗಟ್ಟಿ ಗಂಟು ಸಿಕ್ಕರೆ, ಅದು ತೊಗರಿ ಕಾಳಿನಷ್ಟೇ ಇದ್ದರೂ, ಆ ಮಾತು ನಂಬಬಾರದು. ವೃಷಣದ ಕ್ಯಾನ್ಸರ್ ಜಾಸ್ತಿ ಬರುವುದೇ 15ರಿಂದ 35ರ ವಯಸ್ಸಿನಲ್ಲಿ.

ಡಾಕ್ಟರು ಕತ್ತಲಲ್ಲಿ ಟಾರ್ಚ್ ಹಿಡಿದು ನೋಡುವುದುಂಟು. ನೀರಾದರೆ ಬೆಳಕು ಕೆಂಪಗೆ ಹಾದು ಬರುತ್ತದೆ, ಗಂಟಾದರೆ ಬರುವುದಿಲ್ಲ. ಗಂಟಿನ ಸುತ್ತಲೂ ನೀರಿದ್ದರೆ ಟಾರ್ಚೂ ಮೋಸ ಹೋಗುತ್ತದೆ. ಅದಕ್ಕೇ ಸ್ಕ್ಯಾನಿಂಗ್ ಬೇಕು. ಅದಕ್ಕೆ ಮೊದಲು ಸೂಜಿ ಚುಚ್ಚಿ ನೀರು ತೆಗೆಸುವುದು ಬೇಡವೇ ಬೇಡ, ಕ್ಯಾನ್ಸರ್ ಇದ್ದರೆ ಸೂಜಿಯ ದಾರಿಯಲ್ಲೇ ಹರಡಬಹುದು. ಆಪರೇಷನ್ನಿನಲ್ಲೂ ಚೀಲ ಕೊಯ್ಯುವುದಿಲ್ಲ. ತೊಡೆಸಂದಿಯ ಮೇಲೆ ಕೊಯ್ದು, ಅಲ್ಲಿಂದ ವೃಷಣವನ್ನು ಎಳೆದು ತೆಗೆಯುತ್ತಾರೆ. ಇನ್ನೊಂದು ಸರಿಯಿದ್ದರೆ ಸಂಸಾರಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕೀಮೋ ಬೇಕಾದರೆ ಮಾತ್ರ ಮೊದಲೇ ವೀರ್ಯ ತೆಗೆದಿಡುವ ಬಗ್ಗೆ ಕೇಳಬೇಕು.

ಆ ಕೀಮೋದ ಕಥೆಯೇ ಸ್ವಾರಸ್ಯ. 1965ರಲ್ಲಿ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳಿಗೆ ಕರೆಂಟು ಹಾಯಿಸಿ ನೋಡುತ್ತಿದ್ದರು. ಅವು ಒಡೆದು ಎರಡಾಗುವ ಬದಲು ದಾರದಂತೆ ಉದ್ದವಾದವು. ಕಾರಣ ಕರೆಂಟಲ್ಲ, ತಂತಿಯಿಂದ ಕರಗಿದ ಪ್ಲಾಟಿನಂ! ಅದರಿಂದ ಬಂದ ಔಷಧ ಸಿಸ್‌ಪ್ಲಾಟಿನ್. 1974ರಲ್ಲಿ ಇಂಡಿಯಾನಾಪೊಲಿಸ್‌ನ ಲಾರೆನ್ಸ್ ಐನ್‌ಹಾರ್ನ್ ಅದಕ್ಕೆ ಇನ್ನೆರಡು ಔಷಧ ಸೇರಿಸಿ ವೃಷಣದ ಕ್ಯಾನ್ಸರಿಗೆ ಕೊಟ್ಟರು. ದೇಹವೆಲ್ಲ ಹರಡಿದ ಮೇಲೂ ಜನ ಗುಣವಾಗತೊಡಗಿದರು. 2012ರಲ್ಲಿ ನಮ್ಮ ಯುವರಾಜ್ ಸಿಂಗ್ ಹೋದದ್ದೂ ಅದೇ ಊರಿಗೆ. ಅವರ ಗಡ್ಡೆ ಎದೆಯಲ್ಲಿತ್ತು, ಜಾತಿ ಮಾತ್ರ ಇದೇ.

ಶಿಶ್ನದ ಕ್ಯಾನ್ಸರ್ ಇಷ್ಟು ಉದಾರಿಯಲ್ಲ. ಸಾಮಾನ್ಯವಾಗಿ ಐವತ್ತು ದಾಟಿದವರಿಗೆ ಬರುತ್ತದೆ. ಹಿಂದಕ್ಕೆ ಸರಿಯದ ಮುಂದೊಗಲು, ಎಚ್‌ಪಿವಿ ವೈರಸ್, ತಂಬಾಕು ಇದರ ಸ್ನೇಹಿತರು. ಮಾಯದ ಹುಣ್ಣು ಕಂಡರೆ ನಮ್ಮ ಬಿಸಿಲೂರಿನಲ್ಲಿ ‘ಉಷ್ಣ ಆಗ್ಯಾದ’ ಅಂತ ಕೈಗೆ ಸಿಕ್ಕ ಮುಲಾಮು ಹಚ್ಚಿ ಸುಮ್ನೆ ಇರುತ್ತಾರೆ. ಇಲ್ಲಿ ತಿಂಗಳುಗಳಿಗೆ ಬೆಲೆಯಿದೆ. ಮೇಲ್ಮೈಯಲ್ಲೇ ಇದ್ದರೆ ಕ್ರೀಮು, ಲೇಸರ್ ಅಥವಾ ಮುಂದೊಗಲಷ್ಟನ್ನೇ ತೆಗೆದರೂ ಮುಗಿಯಬಹುದು. ಆಳಕ್ಕಿಳಿದರೆ ತುದಿ ಕತ್ತರಿಸಬೇಕು, ನಿಂತು ಮೂತ್ರ ಮಾಡುವಷ್ಟು ಉಳಿಸಲು ನೋಡುತ್ತಾರೆ. ಇನ್ನೂ ತಡವಾದರೆ ಪೂರ್ತಿ ಹೋಗುತ್ತದೆ. ತೊಡೆಸಂದಿಯ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಿದರೆ ಅವನ್ನೂ ತೆಗೆಯಬೇಕು, ಕೆಲವರಿಗೆ ಕೀಮೋ, ರೇಡಿಯೇಷನ್ ಕೂಡ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ, ಬೆಂಗಳೂರಿನ ರೈಲು ಹತ್ತುವ ಮುಂಚೆ ಅಲ್ಲಿ ಕೇಳಬಹುದು. ಮೊದಲ ತಪಾಸಣೆಗೆ ಜಿಲ್ಲಾ ಆಸ್ಪತ್ರೆಯೂ ಆದೀತು. ಚೀಟಿ ಮಾಡಿಸುವಾಗ ಕ್ಯೂನಲ್ಲಿ ಎಲ್ಲರೆದುರು ಏನಾಗಿದೆ ಅಂತ ಬಾಯಿಬಿಡಬೇಕಿಲ್ಲ. ‘ಸರ್ಜರಿ ಡಾಕ್ಟರ್’ ಅಂದರೆ ಸಾಕು, ಉಳಿದದ್ದು ಒಳಗೆ.