ಸರ್ಕಾರ ಅಗ್ಗಕ್ಕೆ ಮಾರಿದರೆ ಅನ್ಯಾಯವಾ?

ನಾನು ಕಾಸ್ಟ್ ಅಕೌಂಟೆಂಟ್. ಸರ್ಕಾರಿ ಸಂಸ್ಥೆಯ ಪೈಪೋಟಿ ತಡೆಯೋಕಾಗ್ತಿಲ್ಲ ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಒಂದೇ: ಅವರ ಬೆಲೆ ಕಡಿಮೆ ಇರುವುದು ಕೆಲಸ ಚೆನ್ನಾಗಿ ಮಾಡುವುದರಿಂದಲೋ, ಖರ್ಚನ್ನು ಲೆಕ್ಕಕ್ಕೇ ಹಿಡಿಯದಿರುವುದರಿಂದಲೋ? ಮೊದಲನೆಯದಾದರೆ ದೂರಲು ಏನೂ ಇಲ್ಲ.

ಒಂದು ಇಲಾಖೆಗೆ ಸ್ವಂತ ಮುದ್ರಣಾಲಯ ಇದೆ ಅಂದುಕೊಳ್ಳಿ. ಬಿಡುವಿದ್ದಾಗ ಹೊರಗಿನ ಕೆಲಸವನ್ನೂ ಹಿಡಿಯುತ್ತದೆ. ದರ ಹಾಕುವಾಗ ಕಾಗದ, ಶಾಯಿ ಸೇರಿಸುತ್ತಾರೆ, ಅಷ್ಟೇ. ಕಟ್ಟಡಕ್ಕೆ ಬಾಡಿಗೆ ಇಲ್ಲ, ಸಂಬಳ ಬಜೆಟ್‌ನಿಂದ ಬರುತ್ತದೆ, ಯಂತ್ರದ ಸವಕಳಿಯನ್ನು ಯಾರೂ ಬರೆಯುವುದಿಲ್ಲ, ಹಾಕಿದ ಬಂಡವಾಳಕ್ಕೆ ಲಾಭ ಬರಬೇಕು ಅನ್ನುವ ಮಾತಂತೂ ದೂರವೇ ಉಳಿಯಿತು. ಪಕ್ಕದ ಖಾಸಗಿ ಮುದ್ರಕ ಇದೆಲ್ಲವನ್ನೂ ಕಟ್ಟಬೇಕು, ಮೇಲೆ ತೆರಿಗೆ ಬೇರೆ. ಆ ತೆರಿಗೆಯೇ ಎದುರಾಳಿಯ ಸಂಬಳ! ಹಾಗಂತ ಖಾಲಿ ನಿಂತ ಯಂತ್ರವನ್ನು ಯಾವಾಗಲೋ ಒಮ್ಮೆ ಓಡಿಸಿ, ಹೆಚ್ಚುವರಿ ಖರ್ಚಿನ ಮೇಲೆ ಒಂದಿಷ್ಟು ಸೇರಿಸಿ ಕೇಳುವುದು ತಪ್ಪಲ್ಲ, ಖಾಸಗಿಯವರೂ ಅದನ್ನೇ ಮಾಡುತ್ತಾರೆ. ಹೊರಗಿನ ಕೆಲಸಕ್ಕೆಂದೇ ಹೊಸ ಯಂತ್ರ ಕೊಂಡರು ನೋಡಿ, ಆ ದಿನದಿಂದ ಈ ಸಬೂಬು ನಡೆಯುವುದಿಲ್ಲ.

ಕಣ್ಣಿಗೆ ಬೀಳದ ಅನುಕೂಲ ಅಂದರೆ ಸಾಲ. ಸರ್ಕಾರ ಬೆನ್ನಿಗಿದ್ದರೆ ಸಂಸ್ಥೆ ಮುಳುಗುವುದಿಲ್ಲ ಅಂತ ಸಾಲ ಕೊಡುವವರಿಗೆ ಗೊತ್ತು, ಬಡ್ಡಿ ಇಳಿಯುತ್ತದೆ. ಫ್ರಾನ್ಸಿನ ಅಂಚೆ ಸಂಸ್ಥೆ ಲಾ ಪೋಸ್ಟ್‌ಗೆ ಸಾಮಾನ್ಯ ದಿವಾಳಿ ಕಾನೂನು ಅನ್ವಯಿಸುತ್ತಿರಲಿಲ್ಲ. ಇದು ಬಾಯಿಬಿಟ್ಟು ಹೇಳದ, ಮಿತಿಯೇ ಇಲ್ಲದ ಸರ್ಕಾರಿ ಗ್ಯಾರಂಟಿ ಎಂದು ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆ ಯುರೋಪಿಯನ್ ಕಮಿಷನ್ 2010ರಲ್ಲಿ ಹೇಳಿತು, 2014ರಲ್ಲಿ ಯುರೋಪಿನ ನ್ಯಾಯಾಲಯವೂ ಒಪ್ಪಿತು. ಜರ್ಮನಿಯ ಪ್ರಾದೇಶಿಕ ಸರ್ಕಾರಿ ಬ್ಯಾಂಕುಗಳಿಗಿದ್ದ ಇಂಥದೇ ಗ್ಯಾರಂಟಿ 2005ರ ಜುಲೈನಿಂದ ಹೊಸ ಸಾಲಗಳಿಗೆ ಸಿಗದಂತಾಯಿತು.

ಆಸ್ಟ್ರೇಲಿಯಾ ಕೇಂದ್ರ ಸರ್ಕಾರ 1996ರಲ್ಲಿ ತಂದ ನೀತಿ ನನಗೆ ಇಷ್ಟ. ಸರ್ಕಾರಿ ವ್ಯಾಪಾರ ನಿಲ್ಲಿಸಿ ಅಂತ ಅದು ಹೇಳುವುದಿಲ್ಲ. ತೆರಿಗೆ ಇಲ್ಲದಿದ್ದರೆ ಅಷ್ಟೇ ಮೊತ್ತ ಕಟ್ಟಿ, ಅಗ್ಗದ ಸಾಲಕ್ಕೆ ಶುಲ್ಕ ಕೊಡಿ, ಪೂರ್ತಿ ಖರ್ಚು ಹಿಡಿದು ಬೆಲೆ ಇಡಿ, ಬಂಡವಾಳಕ್ಕೆ ಮಾರುಕಟ್ಟೆಯಂತೆ ಲಾಭ ತೋರಿಸಿ ಅನ್ನುತ್ತದೆ. ದೊಡ್ಡ ವ್ಯಾಪಾರಗಳಿಗೆ ಮಾತ್ರ, ಪ್ರಯೋಜನ ತೊಂದರೆಗಿಂತ ಜಾಸ್ತಿ ಇರುವ ಕಡೆ ಮಾತ್ರ.

ಲೈಸೆನ್ಸ್ ಕೊಡುವವರೇ ವ್ಯಾಪಾರಕ್ಕೂ ಇಳಿದರೆ ಯಾವ ಲೆಕ್ಕ ಸರಿಪಡಿಸಿದರೂ ಉಪಯೋಗವಿಲ್ಲ. ಆ ಎರಡು ಕೆಲಸ ಬೇರೆ ಬೇರೆ ಕೈಗೆ ಹೋಗಲೇಬೇಕು.

ಇನ್ನು ಖಾಸಗಿಯವರು ಕೇಳಲು ಬಯಸದ ಮಾತು. ಸರ್ಕಾರಿ ಸಂಸ್ಥೆಗೆ ಹೊರೆಗಳೂ ಇವೆ: ನಷ್ಟ ತರುವ ಊರಿಗೂ ಸೇವೆ ಕೊಡಬೇಕು, ಜನರನ್ನು ಸುಲಭವಾಗಿ ತೆಗೆಯುವಂತಿಲ್ಲ, ಪ್ರತಿ ಖರೀದಿಗೂ ಟೆಂಡರ್. ಅದಕ್ಕೆ ಪರಿಹಾರ ಕೊಡಬಹುದು, ಆದರೆ ಲೆಕ್ಕದ ಸೂತ್ರ ಮೊದಲೇ ಗೊತ್ತಾಗಿರಬೇಕು, ಹೊರೆಗಿಂತ ಜಾಸ್ತಿ ಕೊಡಬಾರದು. ಜರ್ಮನಿಯ ಬಸ್ ಕಂಪನಿ ಆಲ್ಟ್‌ಮಾರ್ಕ್‌ನ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ 2003ರಲ್ಲಿ ಕೊಟ್ಟ ತೀರ್ಪು ಕೇಳಿದ್ದರಲ್ಲಿ ಇವೆರಡೂ ಇದ್ದವು.

ಹಾಗಾಗಿ ದೂರು ಬರೆಯುವ ಮೊದಲು ನಾನು ಎರಡು ಕಾಲಂ ಹಾಕುತ್ತೇನೆ, ಅವರ ಅನುಕೂಲ ಒಂದು ಕಡೆ, ಅವರ ಹೊರೆ ಇನ್ನೊಂದು ಕಡೆ. ಅನುಕೂಲದಲ್ಲಿ ಹೊರೆ ಕಳೆದು, ಉಳಿದದ್ದನ್ನು ಅವರ ಬೆಲೆಗೆ ಸೇರಿಸಿದ ಮೇಲೂ ಅವರದೇ ಅಗ್ಗವಾಗಿದ್ದರೆ, ಆ ವ್ಯತ್ಯಾಸ ದೂರು ಹಿಡಿದು ಬಂದವರ ಸ್ವಂತ ಖರ್ಚಿನದ್ದು. ಅದನ್ನು ಹೇಳಿದಾಗ ಮುಖ ಸ್ವಲ್ಪ ಸಣ್ಣದಾಗುತ್ತದೆ.