ಆದಿಜೆ ಏರಿಯ ಮೇಲೆ ಒಂದು ಸದ್ದಿಲ್ಲದ ದಾರಿ

ಉತ್ತರ ಇಟಲಿಯ ಬೋಲ್ಜಾನೊದಿಂದ ಟ್ರೆಂಟೊ ಕಡೆಗೆ ಸೈಕಲ್ ಹತ್ತಿ ಹೊರಟರೆ, ಊರು ದಾಟಿದ ಸ್ವಲ್ಪ ಹೊತ್ತಿಗೆ ದಾರಿ ಒಂದು ಏರಿಯ ಮೇಲೆ ಹತ್ತಿಕೊಳ್ಳುತ್ತದೆ. ಒಂದು ಪಕ್ಕ ಆದಿಜೆ ನದಿ. ಇನ್ನೊಂದು ಪಕ್ಕ ಕಣ್ಣು ಹರಿದಷ್ಟೂ ಸೇಬಿನ ತೋಟ. ಅದರಾಚೆ ಎರಡೂ ಕಡೆ ಗೋಡೆ ಎದ್ದ ಹಾಗೆ ಬೆಟ್ಟ. ದಾರಿ ಸಪಾಟು, ಟಾರು ನುಣುಪು, ಕಾರಿಗೆ ಪ್ರವೇಶವಿಲ್ಲ. ಕೆಲವು ಕಡೆ ಹೆದ್ದಾರಿಯ ಗುಂಯ್ ಸದ್ದು ತೇಲಿ ಬರುತ್ತದೆ, ನಿಜ. ಉಳಿದಂತೆ ಕೇಳಿಸುವುದು ಚೈನಿನ ಸದ್ದು, ನೀರಿನ ಸದ್ದು.

ಆಲ್ಪ್ಸ್ ಅಂದರೆ ಮೊದಲಿಂದಲೂ ಹೀಗೇ ಇರಬೇಕು ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಇನ್ನೂರು ವರ್ಷದ ಹಿಂದೆ ಇದೇ ಜಾಗದಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಕೆಸರು. ನದಿ ಮನಸ್ಸು ಬಂದ ಕಡೆ ಹರಿಯುತ್ತಿತ್ತು. ಜೌಗು, ಸೊಳ್ಳೆ, ಮಲೇರಿಯಾ. ಹಳೆಯ ಊರುಗಳೆಲ್ಲ ಕಣಿವೆಯ ತಳ ಬಿಟ್ಟು, ಬೆಟ್ಟದ ಬುಡದಲ್ಲಿ ಒಂದಿಷ್ಟು ಎತ್ತರದಲ್ಲಿ ಕೂತಿರುವುದನ್ನು ಇವತ್ತಿಗೂ ನೋಡಬಹುದು.

ಸೈಕಲ್ ತುಳಿಯುವವರು ಇದನ್ನು ತಿಳಿದಿರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಈ ಕಣಿವೆಯ ಸದ್ದಿಲ್ಲದ ದಾರಿಯ ಬಹುಪಾಲನ್ನು ಯಾರೂ ಸೈಕಲ್‌ಗೆಂದು ಕಟ್ಟಲಿಲ್ಲ. ಒಂದು ತುಂಡು ಪ್ರವಾಹ ತಡೆಯಲು ಹಾಕಿದ ಏರಿ, ಇನ್ನೊಂದು ತೋಟಕ್ಕೆ ಹೋಗುವ ರೈತರ ರಸ್ತೆ, ಮತ್ತೊಂದು ನಿಂತುಹೋದ ರೈಲಿನ ಹಾದಿ. ಬೇರೆ ಕೆಲಸಕ್ಕೆ ಹುಟ್ಟಿದ ಇವನ್ನೆಲ್ಲ ಹುಡುಕಿ, ಒಂದಕ್ಕೊಂದು ಹೊಲಿದು, ಕಾರು ಬಾರದ ಹಾಗೆ ಕಾಯ್ದವರು ಇದ್ದರು.

ಆದಿಜೆ ಇಟಲಿಯ ಎರಡನೇ ಉದ್ದದ ನದಿ. ಸುಮಾರು 410 ಕಿ.ಮೀ. ಆಸ್ಟ್ರಿಯಾ ಗಡಿಯ ರೆಶೆನ್ ಕಣಿವೆಮಾರ್ಗದ ಹತ್ತಿರ, 1,500 ಮೀಟರ್‌ಗೂ ಹೆಚ್ಚು ಎತ್ತರದಲ್ಲಿ ಹುಟ್ಟಿ, ವೆರೋನಾ ದಾಟಿ, ಏಡ್ರಿಯಾಟಿಕ್ ಸಮುದ್ರ ಸೇರುತ್ತದೆ. ಮೇಲಿನ ಕಣಿವೆಯಲ್ಲಿ ಜರ್ಮನ್ ಮಾತಾಡುವವರು ಜಾಸ್ತಿ. ಅವರಿಗೆ ಈ ನದಿ ‘ಎಚ್’. ಸಾಲುರ್ನ್ ಊರಿನ ಹತ್ತಿರ ಬೆಟ್ಟಗಳು ಹತ್ತಿರ ಬಂದು ಕಣಿವೆ ಇಕ್ಕಟ್ಟಾಗುತ್ತದೆ. ಅಲ್ಲಿಂದ ಕೆಳಕ್ಕೆ ಇಟಾಲಿಯನ್.

ಈ ಹಾದಿ ಹಿಡಿದವರಲ್ಲಿ ರೋಮನ್ನರು ಹಳಬರು. ಕ್ರಿ.ಪೂ. 15ರಲ್ಲಿ ರೋಮನ್ ಸೇನಾಪತಿ ಡ್ರುಸಸ್‌ನ ಸೈನ್ಯ ಇಲ್ಲಿಂದ ಉತ್ತರಕ್ಕೆ ನುಗ್ಗಿತು. ಅವನ ಮಗ, ಚಕ್ರವರ್ತಿ ಕ್ಲಾಡಿಯಸ್ ಕ್ರಿ.ಶ. 46-47ರಲ್ಲಿ ಅದನ್ನು ಸರಿಯಾದ ರಸ್ತೆ ಮಾಡಿಸಿದ. ಹಾಗಾಗಿ ಅದರ ಹೆಸರು ವಿಯಾ ಕ್ಲಾಡಿಯಾ ಆಗುಸ್ಟಾ. ಅದರ ಒಂದು ಮೈಲಿಗಲ್ಲು 1552ರಲ್ಲಿ, ಬೋಲ್ಜಾನೊಗಿಂತ ಮೇಲಿರುವ ಮೆರಾನೊ ಊರಿನ ಹತ್ತಿರದ ರಾಬ್‌ಲಾಂಡ್‌ನಲ್ಲಿ ಸಿಕ್ಕಿತು. ಇವತ್ತು ಅದೇ ಹೆಸರಿನಲ್ಲಿ ಜರ್ಮನಿಯಿಂದ ಇಟಲಿವರೆಗೆ ಸೈಕಲ್ ಮಾರ್ಗವಿದೆ. ಹೆಸರು ಹಳೆಯದು, ಆದರೆ ಚಕ್ರ ಉರುಳುವ ನೆಲದ ಬಹುಭಾಗ ಈಚಿನದು.

ಮೊದಲು ಏರಿಯ ಕತೆ. 19ನೇ ಶತಮಾನದಲ್ಲಿ ಈ ಕಣಿವೆ ಆಸ್ಟ್ರಿಯಾದ ಕೈಯಲ್ಲಿತ್ತು. ವೆರೋನಾದಿಂದ ಬೋಲ್ಜಾನೊಗೆ ರೈಲು ತರಬೇಕಿತ್ತು. ರೈಲಿಗೆ ಸಪಾಟು ನೆಲ ಬೇಕು, ಸಪಾಟು ನೆಲವೆಲ್ಲ ನದಿಯ ಹಿಡಿತದಲ್ಲಿತ್ತು. ಹಾಗಾಗಿ ಸುತ್ತಿ ಬಳಸಿ ಹರಿಯುತ್ತಿದ್ದ ಆದಿಜೆಯನ್ನು ತುಂಡು ತುಂಡಾಗಿ ನೇರ ಮಾಡುತ್ತಾ ಬಂದರು. 1850ರ ದಶಕದಲ್ಲಿ ಟ್ರೆಂಟೊ ಊರಿನ ಪಕ್ಕದ ದೊಡ್ಡ ತಿರುವನ್ನೇ ಕಡಿದು ನದಿಯನ್ನು ಆಚೆ ಸರಿಸಿದರು. ಟ್ರೆಂಟೊದಲ್ಲಿ ‘ಹಸಿರು ಗೋಪುರ’ ಅಂತ ಒಂದಿದೆ. ಹಿಂದೆ ಅದು ನೀರಿನ ದಡದಲ್ಲಿತ್ತು. ಈಗ ಅದರ ಬುಡದಲ್ಲಿ ಬೀದಿ ಓಡುತ್ತದೆ, ನದಿ ದೂರದಲ್ಲಿದೆ. ಅಲ್ಲಿಗೆ ಹೋದವರು ಒಂದು ನಿಮಿಷ ಸೈಕಲ್ ನಿಲ್ಲಿಸಿ ನೋಡಬೇಕು. ಒಂದು ನದಿ ಎದ್ದುಹೋದ ಜಾಗ ಅದು.

ರೈಲು 1859ರಲ್ಲಿ ಬಂತು. ಆದರೆ ನದಿ ಸುಮ್ನೆ ಕೂರಲಿಲ್ಲ. 1882ರ ಸೆಪ್ಟೆಂಬರ್‌ನಲ್ಲಿ ಟಿರೋಲ್‌ನಿಂದ ವೆರೋನಾವರೆಗೆ ಭಾರಿ ಪ್ರವಾಹ ನುಗ್ಗಿತು. ಏರಿಗಳ ಕೆಲಸ ಆ ಶತಮಾನದ ಕೊನೆವರೆಗೂ ನಡೆಯಿತು. ಏರಿ ಅಂದಮೇಲೆ ಅದನ್ನು ನೋಡಿಕೊಳ್ಳಲು ಮೇಲೊಂದು ದಾರಿ ಬೇಕೇ ಬೇಕು. ಬಿರುಕು ಬಿಟ್ಟಿದೆಯಾ ಅಂತ ನೋಡಲು ಜನ ಓಡಾಡಬೇಕು, ಮಣ್ಣು ತರುವ ಗಾಡಿ ಹೋಗಬೇಕು. ಇವತ್ತು ನಾವು ತುಳಿಯುವುದು ಆ ಕಾವಲಿನ ದಾರಿಯನ್ನೇ. ಬೋಲ್ಜಾನೊ, ಟ್ರೆಂಟೊ, ರೊವೆರೆಟೊ ನಡುವೆ ಏರುತಗ್ಗು ಇಷ್ಟು ಕಡಿಮೆ ಇರುವುದಕ್ಕೆ, ತಿರುವುಗಳು ಇಷ್ಟು ಉದ್ದುದ್ದ ಇರುವುದಕ್ಕೆ ಕಾರಣ ಅದೇ.

ಕೆಸರು ಒಣಗಿತು, ಸೇಬು ಬಂತು. ಮೆರಾನೊದಿಂದ ಮೇಲಿನ ವಿನ್ಶ್‌ಗೌ ಕಣಿವೆಯಲ್ಲಿ ಕತೆ ತಿರುಗಾಮುರುಗಾ. ಅಲ್ಲಿ ನೀರು ಜಾಸ್ತಿ ಅಲ್ಲ, ಕಡಿಮೆ. ಆಲ್ಪ್ಸ್‌ನಲ್ಲೇ ಮಳೆ ಕಡಿಮೆ ಬೀಳುವ ಜಾಗಗಳಲ್ಲಿ ಅದೊಂದು, ವರ್ಷಕ್ಕೆ ಸುಮಾರು 500 ಮಿ.ಮೀ. ಅಷ್ಟೇ. ಅಲ್ಲಿನ ರೈತರು ನೂರಾರು ವರ್ಷಗಳಿಂದ ಬೆಟ್ಟದ ಹಳ್ಳಗಳ ನೀರನ್ನು ‘ವಾಲ್’ ಎನ್ನುವ ಸಣ್ಣ ಕಾಲುವೆಗಳಲ್ಲಿ ಹೊಲಕ್ಕೆ ಇಳಿಸಿಕೊಂಡರು. ಕಾಲುವೆ ಕಾಯಲು ನಮ್ಮ ಕೆರೆಗಳ ನೀರುಗಂಟಿಯ ಹಾಗೆಯೇ ಒಬ್ಬ ‘ವಾಲರ್’ ಇರುತ್ತಿದ್ದ. ನೀರು ಹರಿಯುತ್ತಿರುವವರೆಗೆ ಒಂದು ಪುಟ್ಟ ಚಕ್ರ ತಿರುಗಿ ಗಂಟೆ ಬಾರಿಸುತ್ತಿತ್ತು. ಗಂಟೆ ನಿಂತಿತು ಅಂದರೆ ಎಲ್ಲೋ ಕಾಲುವೆ ಒಡೆದಿದೆ ಅಥವಾ ಕಟ್ಟಿಕೊಂಡಿದೆ. ಆಗ ಅವನು ಓಡಬೇಕು. ವಾಲ್ ಪಕ್ಕದ ಕಾಲುದಾರಿಗಳು ಇವತ್ತು ನಡೆಯುವವರಿಗೆ ಮೀಸಲು. ಆದರೆ ನೀರು ಮುಟ್ಟಿದ ಕಡೆ ತೋಟ ಬೆಳೆಯಿತು, ತೋಟ ಬೆಳೆದ ಕಡೆ ಟ್ರ್ಯಾಕ್ಟರ್‌ಗೆ ಸಣ್ಣ ರಸ್ತೆ ಬಂತು. ಸೈಕಲ್ ದಾರಿಗೆ ಸಿಕ್ಕಿದ್ದು ಆ ರಸ್ತೆಗಳು.

ರೈಲಿನ ಪಾಲೂ ಇದರಲ್ಲಿದೆ. ಬೋಲ್ಜಾನೊದಿಂದ ಕಾಲ್ಟೆರ್ನ್ ಕಡೆಗೆ 1898ರಲ್ಲಿ ಒಂದು ಪುಟ್ಟ ರೈಲು ಶುರುವಾಯಿತು. ಕಾರು, ಬಸ್ಸು ಬಂದಮೇಲೆ ಅದಕ್ಕೆ ಜನ ಇಲ್ಲದಾಯಿತು. ಹಳಿ ಕಿತ್ತ ಹಾದಿಯಲ್ಲಿ ಇವತ್ತು ಸೈಕಲ್ ಹೋಗುತ್ತದೆ. ಹಬೆಯ ಎಂಜಿನ್ ಹತ್ತಬಲ್ಲ ಏರು ಅಂದರೆ ಸೈಕಲ್ ಸವಾರನ ಮೊಣಕಾಲಿಗೂ ಹಿತವಾದ ಏರು.

ವಿನ್ಶ್‌ಗೌ ಕಣಿವೆಯ ಮೆರಾನೊ–ಮಾಲ್ಸ್ ರೈಲಿನ ಗತಿ ಬೇರೆ. 1906ರಲ್ಲಿ ತೆರೆದ ಆ ಮಾರ್ಗವನ್ನು 1990ರಲ್ಲಿ ನಿಲ್ಲಿಸಿದರು. ಅದೂ ಸೈಕಲ್ ದಾರಿ ಆಗಿಬಿಡಬಹುದಿತ್ತು. ಆದರೆ ಪ್ರಾಂತ್ಯದ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡು ರಿಪೇರಿ ಮಾಡಿ, 2005ರಲ್ಲಿ ಮತ್ತೆ ಓಡಿಸಿತು. ಸೈಕಲ್‌ಗೆ ಇದರಿಂದ ನಷ್ಟವಾಗಲಿಲ್ಲ, ಲಾಭವೇ ಆಯಿತು ಎನ್ನುವುದು ನನ್ನ ಅಭಿಪ್ರಾಯ. ಈಗ ಜನ ಸುಮಾರು 1,000 ಮೀಟರ್ ಎತ್ತರದ ಮಾಲ್ಸ್‌ಗೆ ರೈಲಿನಲ್ಲಿ ಹೋಗುತ್ತಾರೆ. ಅಲ್ಲಿಂದ ಕೋಟೆಗೋಡೆ ಸುತ್ತಿದ ಪುಟ್ಟ ಗ್ಲುರ್ನ್ಸ್ ಪಟ್ಟಣ ದಾಟಿ, ತೋಟಗಳ ನಡುವೆ ಮೆರಾನೊಗೆ ಇಳಿಯುತ್ತಾರೆ. ಮಕ್ಕಳು, ವಯಸ್ಸಾದವರು ಕೂಡ. ಸ್ಟೆಲ್ವಿಯೊ ಘಾಟಿಯ 48 ತಿರುವು ಹತ್ತಿ 2,757 ಮೀಟರ್ ಮುಟ್ಟುವವರೂ ಇದೇ ಕಣಿವೆಯಿಂದಲೇ ಹೊರಡುತ್ತಾರೆ. ಆದರೆ ಆ ರಸ್ತೆಯಲ್ಲಿ ಬೇಸಿಗೆಯಲ್ಲಿ ಬೈಕು, ಕಾರುಗಳ ಗದ್ದಲ ಬೇಕಾದಷ್ಟು.

ಇನ್ನು ಲಾರಿಗಳು. ಜರ್ಮನಿ–ಇಟಲಿ ನಡುವಿನ ಸರಕು ಮೊದಲು ಊರೂರಿನ ಮಧ್ಯೆ ಹಾಯುವ ಹಳೆಯ ರಸ್ತೆಯಲ್ಲೇ ಹೋಗುತ್ತಿತ್ತು. ಆಸ್ಟ್ರಿಯಾ ಗಡಿಯ ಬ್ರೆನ್ನರ್ ಘಾಟಿಯಿಂದ ಬರುವ ಎ22 ಹೆದ್ದಾರಿ 1974ರಲ್ಲಿ ಪೂರ್ತಿಯಾಯಿತು. ಮೆರಾನೊ–ಬೋಲ್ಜಾನೊ ನಡುವಿನ ನಾಲ್ಕು ಲೇನಿನ ರಸ್ತೆ 1997ರಲ್ಲಿ ಮುಗಿಯಿತು. ವೇಗದ ವಾಹನಗಳಿಗೆ ಬೇರೆ ದಾರಿ ಸಿಕ್ಕಮೇಲೆ ಹಳ್ಳಿ ರಸ್ತೆಗಳಿಗೆ ಸ್ವಲ್ಪ ಉಸಿರು ಬಂತು. ಇದು ಪೂರ್ತಿ ಖುಷಿಯ ಸಂಗತಿ ಅಂತ ಹೇಳಲಾರೆ. ಸದ್ದು ಮಾಯವಾಗಲಿಲ್ಲ, ಪಕ್ಕಕ್ಕೆ ಹೋಯಿತು. ಹೆದ್ದಾರಿಯ ಅಂಚಿನ ಮನೆಗಳವರು ಅದನ್ನು ಹಗಲೂ ರಾತ್ರಿ ಕೇಳುತ್ತಾರೆ.

ಇಷ್ಟೆಲ್ಲ ತುಂಡುಗಳು ಬೇರೆ ಕಣಿವೆಗಳಲ್ಲೂ ಇವೆ. ಇಲ್ಲಿ ಅವು ಒಂದಾದವು ಯಾಕೆ? ಮುಖ್ಯ ಕಾರಣ ಹಣ ಮತ್ತು ಅಧಿಕಾರ. 1972ರ ಸ್ವಾಯತ್ತೆಯ ಶಾಸನದಿಂದ ಬೋಲ್ಜಾನೊ ಮತ್ತು ಟ್ರೆಂಟೊ ಪ್ರಾಂತ್ಯಗಳಿಗೆ ತಮ್ಮ ನೆಲದ ತೆರಿಗೆಯಲ್ಲಿ ಹೆಚ್ಚಿನ ಪಾಲನ್ನು ತಾವೇ ಇಟ್ಟುಕೊಳ್ಳುವ ಹಕ್ಕು ಬಂತು. ರಸ್ತೆ, ಏರಿ, ತೋಟಗಾರಿಕೆ, ಪ್ರವಾಸ ಎಲ್ಲ ಒಂದೇ ಸೂರಿನಡಿ. ಏರಿ ಒಬ್ಬರದು, ಟಾರು ಇನ್ನೊಬ್ಬರದು ಎನ್ನುವ ಜಗಳ ಕಡಿಮೆ.

ಟ್ರೆಂಟೊದಲ್ಲಿ ಇನ್ನೊಂದು ಮಾತಿದೆ, ನನಗೆ ತುಂಬಾ ಇಷ್ಟವಾದದ್ದು. ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡ, ವಯಸ್ಸಿನ ಕಾರಣಕ್ಕೆ ಬೇರೆಡೆ ಕೆಲಸ ಸಿಗದ ಜನರಿಗಾಗಿ 1990ರಲ್ಲಿ ಆ ಪ್ರಾಂತ್ಯ ಒಂದು ಯೋಜನೆ ಶುರು ಮಾಡಿತು. ಜನರ ಬಾಯಲ್ಲಿ ಅದರ ಹೆಸರು ‘ಪ್ರೊಜೆತ್ತೋನೆ’, ಅಂದರೆ ದೊಡ್ಡ ಯೋಜನೆ. ಸೈಕಲ್ ದಾರಿ, ಉದ್ಯಾನಗಳ ನಿರ್ವಹಣೆ ಅವರ ಕೈಗೆ ಬಂತು. ಏರಿಯ ಅಂಚಿನ ಹುಲ್ಲು ಕೊಯ್ದಿದ್ದರೆ, ಬೇಲಿ ನೆಟ್ಟಗಿದ್ದರೆ ಅದರ ಹಿಂದೆ ಇಂಥ ಕೈಗಳಿವೆ. ಹತ್ತು ಕಿ.ಮೀ. ಟಾರು ಹಾಕುವುದು ಸುಲಭ. ಮೂವತ್ತು ವರ್ಷ ಅದನ್ನು ಗುಂಡಿ ಬೀಳದ ಹಾಗೆ ಇಟ್ಟುಕೊಳ್ಳುವುದು ಕಷ್ಟ.

ತಕರಾರುಗಳೂ ಇವೆ. ತೋಟದ ರಸ್ತೆ ರೈತನಿಗೆ ಕೆಲಸದ ಜಾಗ. ಸೇಬಿಗೆ ಔಷಧಿ ಹೊಡೆಯುವ ಹೊತ್ತಿಗೆ ಅಲ್ಲೇ ಸೈಕಲ್‌ಗಳು ಹಾಯುತ್ತವೆ. ಮಾಲ್ಸ್‌ನ ಜನ 2014ರಲ್ಲಿ ಮತ ಹಾಕಿ, ತಮ್ಮ ಊರಲ್ಲಿ ರಾಸಾಯನಿಕ ಕೀಟನಾಶಕ ಬೇಡ ಅಂದರು. ಸುಮಾರು ನಾಲ್ಕರಲ್ಲಿ ಮೂರು ಪಾಲು ಮತ ಆ ಕಡೆಗೆ ಬಿತ್ತು. ಮುಂದೆ ಅದು ಕೋರ್ಟು ಮೆಟ್ಟಿಲು ಹತ್ತಿತು. ಇನ್ನು ಇ-ಬೈಕ್ ಬಂದಮೇಲೆ ಬೇಸಿಗೆಯ ರಜೆಯಲ್ಲಿ ಮೆರಾನೊ ಆಸುಪಾಸು ಸೈಕಲ್‌ಗಳದ್ದೇ ಸಂತೆ. ಮೌನ ಬೇಕಾದವರು ಮೇ ತಿಂಗಳು ಅಥವಾ ಸೆಪ್ಟೆಂಬರ್ ಕೊನೆ ಆರಿಸಿಕೊಂಡು, ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು. ದಕ್ಷಿಣಕ್ಕೆ ಹೋಗುವವರಿಗೆ ಬೇಗ ಹೊರಡಲು ಇನ್ನೊಂದು ಕಾರಣ ಇದೆ. ಮಧ್ಯಾಹ್ನದ ಮೇಲೆ ಗಾರ್ಡಾ ಸರೋವರದ ಕಡೆಯಿಂದ ‘ಓರಾ’ ಗಾಳಿ ಬೀಸುತ್ತದೆ, ಎದುರು ಗಾಳಿ.

ಆ ಸರೋವರಕ್ಕೆ ತಿರುಗುವ ಕವಲು ಮೋರಿ ಊರಿನಲ್ಲಿದೆ. ಮೋರಿಯಿಂದ ಸ್ವಲ್ಪ ದೂರಕ್ಕೆ ದಾರಿ ಲೊಪ್ಪಿಯೊ ಎನ್ನುವ ಸರೋವರದ ಅಂಚಿನಲ್ಲಿ ಹೋಗುತ್ತದೆ. ಸರೋವರ ಅಂತ ಹೆಸರು, ಒಳಗೆ ನೀರಿಲ್ಲ. ವೆರೋನಾದಂಥ ಕೆಳಗಿನ ಊರುಗಳನ್ನು ಪ್ರವಾಹದಿಂದ ಉಳಿಸಲು ಆದಿಜೆಯಿಂದ ಗಾರ್ಡಾಕ್ಕೆ ಸುಮಾರು 10 ಕಿ.ಮೀ. ಸುರಂಗ ಕೊರೆದರು. 1939ರಲ್ಲಿ ಶುರುವಾದ ಕೆಲಸ ಯುದ್ಧದಿಂದ ನಿಂತು, 1959ರಲ್ಲಿ ಮುಗಿಯಿತು. ಕೊರೆಯುವಾಗ ಲೊಪ್ಪಿಯೊದ ನೀರು ಬಸಿದುಹೋಯಿತು. ಈಗ ಅಲ್ಲಿ ಜೊಂಡು ಬೆಳೆದಿದೆ, ಹಕ್ಕಿಗಳಿವೆ. ಜೋರು ಮಳೆ ಬಂದರೆ ಒಂದಿಷ್ಟು ದಿನ ನೀರು ನಿಲ್ಲುತ್ತದೆ.

2018ರ ಅಕ್ಟೋಬರ್ 29ರ ರಾತ್ರಿ ಬಿರುಗಾಳಿ ಮಳೆಗೆ ಆದಿಜೆ ಉಕ್ಕಿದಾಗ ಆ ಸುರಂಗದ ಬಾಗಿಲು ತೆರೆದರು. ನದಿಯ ಒಂದು ಪಾಲು ಗಾರ್ಡಾಕ್ಕೆ ಹೋಯಿತು. ಅಂಥ ಹೊತ್ತಿನಲ್ಲಿ ಏರಿಯ ಮೇಲೆ ಸೈಕಲ್‌ಗೆ ಕೆಲಸವಿಲ್ಲ. ಅಲ್ಲಿ ಟಾರ್ಚು ಹಿಡಿದವರು ನಡೆಯುತ್ತಾ ಬಿರುಕು ಹುಡುಕಬೇಕು.